ಮೂರು ಚಾರ್ಜರ್ ಬಿಟ್ಟು ಒಂದನ್ನು ಕೊಳ್ಳುವಾಗ

ಲೆಕ್ಕಪರಿಶೋಧನೆ ನನ್ನ ಕೆಲಸ; ತಿಂಗಳಲ್ಲಿ ಹದಿನೈದು ದಿನ ಊರೂರು ಸುತ್ತುತ್ತೇನೆ. ಲ್ಯಾಪ್‌ಟಾಪ್, ಟ್ಯಾಬ್, ಫೋನ್ ಎಂದು ಚೀಲದಲ್ಲಿ ಮೂರು ಚಾರ್ಜರ್‌ಗಳಿದ್ದವು. ಅವುಗಳ ವೈರಿನ ಸಿಕ್ಕು ಬಿಡಿಸುವುದರಲ್ಲೇ ಲಾಡ್ಜಿನ ಬೆಳಗು ಕಳೆಯುತ್ತಿತ್ತು. ಈಗ ಮೂರಕ್ಕೂ ಆಗುವ ಒಂದೇ ಟೈಪ್-ಸಿ ಚಾರ್ಜರ್ ಇದೆ.

ಅಂಗಡಿಗೆ ಹೋಗುವ ಮೊದಲು ಹಳೆಯ ಚಾರ್ಜರನ್ನು ಬೋರಲು ಹಾಕಿ. ಅಕ್ಷರ ಇರುವೆಗಿಂತ ಸಣ್ಣದು. ನಾನು ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿದೆ. ‘ಔಟ್‌ಪುಟ್’ ಎಂಬಲ್ಲಿರುವ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿ. ನನ್ನದು 20 ವೋಲ್ಟ್, 3.25 ಆಂಪಿಯರ್, ಅಂದರೆ 65 ವ್ಯಾಟ್. ಅಣ್ಣನ ಮಗನ ಗೇಮಿಂಗ್ ಲ್ಯಾಪ್‌ಟಾಪಿನದು 230 ವ್ಯಾಟ್. ಅವನಿಗೆ ಈ ಲೇಖನದಿಂದ ಉಪಯೋಗವಿಲ್ಲ, ಇಟ್ಟಿಗೆಯಂಥ ಆ ಚಾರ್ಜರನ್ನು ಅವನು ಹೊರಲೇಬೇಕು. ಟೈಪ್-ಸಿ ಮೂಲಕ ವಿದ್ಯುತ್ ಕೊಡುವುದಕ್ಕೆ ‘ಪವರ್ ಡೆಲಿವರಿ’ (ಪಿಡಿ) ಎಂಬ ನಿಯಮವಿದೆ; 2021ರಲ್ಲಿ ಬಂದ ಅದರ 3.1 ಆವೃತ್ತಿ ಮಿತಿಯನ್ನು 100ರಿಂದ 240 ವ್ಯಾಟ್‌ಗೆ ಏರಿಸಿದ್ದು ನಿಜ. ಆದರೆ ಲ್ಯಾಪ್‌ಟಾಪ್ ಅಷ್ಟನ್ನು ಆ ತೂತಿನಿಂದ ಎಳೆದುಕೊಳ್ಳಬೇಕಲ್ಲ!

ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಲ್ಯಾಪ್‌ಟಾಪ್ ಅದರಿಂದ ಚಾರ್ಜ್ ಆಗುತ್ತದೆ ಎಂದೇನೂ ಇಲ್ಲ. ಕೆಲವು ತೂತುಗಳು ಮಾಹಿತಿ ಸಾಗಿಸಲಷ್ಟೇ ಇರುತ್ತವೆ. ಸಹೋದ್ಯೋಗಿಯ ಟೈಪ್-ಸಿ ಚಾರ್ಜರನ್ನು ಎರಡು ನಿಮಿಷ ಸಿಕ್ಕಿಸಿ ನೋಡಿದರೆ ತಿಳಿಯುತ್ತದೆ. ದುಂಡು ಪಿನ್ನಿನ ಲ್ಯಾಪ್‌ಟಾಪ್‌ನವರಿಗೆ ಹತ್ತು ಬಗೆಯ ಪಿನ್ನು ಕೊಡುವ ‘ಯೂನಿವರ್ಸಲ್’ ಅಡಾಪ್ಟರ್‌ಗಳು ಸಿಗುತ್ತವೆ. ನಾನಂತೂ ಕೊಳ್ಳುವುದಿಲ್ಲ. ವೋಲ್ಟ್ ಗುಂಡಿ ತಪ್ಪಿದರೆ ಬೋರ್ಡ್ ಸುಡಬಹುದು. ಕೆಲವು ಲ್ಯಾಪ್‌ಟಾಪ್‌ಗಳು ತಮ್ಮ ಕಂಪನಿಯ ಚಾರ್ಜರ್ ಅಲ್ಲವೆಂದು ಗುರುತಿಸಿ, ಬ್ಯಾಟರಿ ತುಂಬಿಸಿಕೊಳ್ಳುವುದಕ್ಕೇ ಒಪ್ಪುವುದಿಲ್ಲ.

65 ವ್ಯಾಟಿನದು ಈಗ ಊರಿನ ಮೊಬೈಲ್ ಅಂಗಡಿಯಲ್ಲೂ ಇದೆ. ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೂರು ತೂತಿನ 100 ವ್ಯಾಟಿನದನ್ನು ತೆಗೆದುಕೊಂಡೆ. ಮನೆಗೆ ಬಂದು ಸಿಕ್ಕಿಸಿದರೆ, ಚಾರ್ಜರ್ ನಿಧಾನವಾಗಿದೆ ಎಂದು ಲ್ಯಾಪ್‌ಟಾಪ್ ದೂರಿತು. ಮರುದಿನವೇ ಜಗಳಕ್ಕೆ ಹೋದೆ.

“ಚಾರ್ಜರ್ ಸರಿಯಾಗಿದೆ ಮೇಡಂ. ಯಾವ ಕೇಬಲ್ ಹಾಕಿದ್ದೀರಿ?” ಎಂದ ಅಂಗಡಿಯವ.

ಫೋನಿನ ಜೊತೆ ಬಂದಿದ್ದ ಕೇಬಲ್. ಅದು 3 ಆಂಪಿಯರ್‌ನದು, 60 ವ್ಯಾಟ್ ದಾಟುವುದಿಲ್ಲ. ಅದಕ್ಕಿಂತ ಹೆಚ್ಚು ಬೇಕಾದರೆ ಗುರುತಿನ ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು. ಆತ ಮೇಜಿನಡಿಯಿಂದ ಒಂದನ್ನು ತೆಗೆದು ಕೊಟ್ಟ. ನಾನು ಮಾತಿಲ್ಲದೆ ದುಡ್ಡು ಕೊಟ್ಟೆ.

ಡಬ್ಬಿಯ ಹಿಂದಿನ ಪಟ್ಟಿಯನ್ನೂ ಓದಿ. 100 ಎಂಬುದು ಒಂದೇ ತೂತು ಬಳಸಿದಾಗಿನ ಲೆಕ್ಕ. ಫೋನನ್ನೂ ಸಿಕ್ಕಿಸಿದರೆ ನನ್ನದು 65 ಮತ್ತು 30 ಎಂದು ಪಾಲಾಗುತ್ತದೆ. ಲ್ಯಾಪ್‌ಟಾಪ್‌ಗೆ ಬೇಕಾದಷ್ಟು ಉಳಿಯುವುದರಿಂದಲೇ ಅದನ್ನು ಆರಿಸಿದ್ದು. ಪಾಲು ಮಾಡುವಾಗ ಚಾರ್ಜಿಂಗ್ ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತದೆ, ಹೆದರಬೇಡಿ. 100 ವ್ಯಾಟಿಗೆ ಫೋನ್ ಸುಟ್ಟೀತು ಎಂದು ಅತ್ತೆಯವರಿಗೆ ಭಯವಿತ್ತು. ಫೋನ್ ತನಗೆ ಬೇಕಾದಷ್ಟನ್ನೇ ಕೇಳಿ ಪಡೆಯುತ್ತದೆ.

ಚಾರ್ಜರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಜೊತೆಗೆ ‘ಆರ್’ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇದೆಯೇ ನೋಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಒಂದು ತೊಂದರೆ ಮಾತ್ರ ಬಗೆಹರಿದಿಲ್ಲ. ಚಾರ್ಜರ್ ಭಾರ, ಲಾಡ್ಜಿನ ಗೋಡೆಯ ಸಾಕೆಟ್ ಸಡಿಲ. ರಾತ್ರಿ ಸಿಕ್ಕಿಸಿದ್ದು ಬೆಳಗ್ಗೆ ನೆಲದ ಮೇಲಿರುತ್ತದೆ. ಅದಕ್ಕಾಗಿ ಎರಡು ಮೊಳದ ಎಕ್ಸ್‌ಟೆನ್ಷನ್ ಬೋರ್ಡ್ ಒಂದು ಚೀಲ ಸೇರಿದೆ.