ಹಣದ ಲೆಕ್ಕ ಹಿಡಿದು ಅಮೆರಿಕನ್ ನಾಟಕಗಳನ್ನು ಪಾಠ ಮಾಡಿದ ನನ್ನ ಅನುಭವ

ಸ್ನಾತಕೋತ್ತರ ಇಂಗ್ಲಿಷ್ ತರಗತಿಗಳಿಗೆ ಆಧುನಿಕ ಅಮೆರಿಕನ್ ನಾಟಕವನ್ನು ಪಾಠ ಮಾಡುವವರಿಗೆಲ್ಲ ‘ಭ್ರಮೆ ಮತ್ತು ವಾಸ್ತವ’ ಎಂಬ ಪ್ರಶ್ನೆ ಚಿರಪರಿಚಿತ. ಅದಕ್ಕೆ ವಿದ್ಯಾರ್ಥಿಗಳ ಬಳಿ ಇರುವ ಸಿದ್ಧ ಉತ್ತರವೂ ಅಷ್ಟೇ ಪರಿಚಿತ: ದುರ್ಬಲ ಮನಸ್ಸಿನವರು ವಾಸ್ತವವನ್ನು ಎದುರಿಸಲಾರದೆ ಭ್ರಮೆಯ ಮೊರೆಹೋಗುತ್ತಾರೆ, ಕೊನೆಗೆ ನಾಶವಾಗುತ್ತಾರೆ. ಈ ಉತ್ತರದಲ್ಲಿ ಆಸ್ತಿ, ಕಾನೂನು, ಸಂಬಳ, ಮದುವೆ ಯಾವುದಕ್ಕೂ ಜಾಗವಿಲ್ಲದಿರುವುದರಿಂದ ಹೆಣ್ಣಿನ ಸ್ಥಿತಿಗತಿಯ ಪ್ರಶ್ನೆ ತಾನಾಗಿಯೇ ಹೊರಗುಳಿಯುತ್ತದೆ. ಹಾಗಾಗಿ ನಾನು ಪಾಠದ ಕ್ರಮವನ್ನೇ ಬದಲಿಸಿಕೊಂಡೆ. ಮನೆ ಯಾರದು, ದುಡಿಮೆ ಯಾರದು, ಕೈಗೆ ಕಾಸು ಕೊಡುವವರು ಯಾರು, ಆ ಕಾಸು ಎಷ್ಟು ಎಂಬುದನ್ನು ವಿದ್ಯಾರ್ಥಿಗಳು ಮೊದಲು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಭ್ರಮೆಯ ಮಾತು ಆಮೇಲೆ.

ಈ ಕ್ರಮವನ್ನು ನನಗೆ ಕಲಿಸಿದ್ದು ಸೂಸನ್ ಗ್ಲಾಸ್ಪೆಲ್ ಬರೆದ ‘ಟ್ರೈಫಲ್ಸ್’ ಎಂಬ ಏಕಾಂಕ. 1900ರಲ್ಲಿ ಅಯೋವಾದ ರೈತನೊಬ್ಬನ ಕೊಲೆಯಾಗಿ ಆತನ ಹೆಂಡತಿಯ ಮೇಲೆ ಆರೋಪ ಬಂದಾಗ, ಗ್ಲಾಸ್ಪೆಲ್ ಪತ್ರಿಕೆಯ ವರದಿಗಾರ್ತಿಯಾಗಿ ಆ ಪ್ರಕರಣವನ್ನು ಹತ್ತಿರದಿಂದ ಕಂಡಿದ್ದರು; 1916ರಲ್ಲಿ ಅದನ್ನು ಆಧರಿಸಿ ಈ ನಾಟಕ ಬರೆದರು. ಅಲ್ಲಿ ಅಧಿಕಾರಿಗಳು ಮಲಗುವ ಕೋಣೆಯಲ್ಲಿ, ಕೊಟ್ಟಿಗೆಯಲ್ಲಿ ಸಾಕ್ಷ್ಯ ಹುಡುಕುತ್ತಿರುವಾಗ, ಜೊತೆಗೆ ಬಂದ ಇಬ್ಬರು ಹೆಂಗಸರು ಅಡುಗೆಮನೆಯಲ್ಲೇ ಕುಳಿತು, ಅಡ್ಡಾದಿಡ್ಡಿ ಹೊಲಿಗೆ ಬಿದ್ದ ಕೌದಿಯ ತುಂಡಿನಿಂದ, ಕತ್ತು ಮುರಿದ ಹಕ್ಕಿಯಿಂದ ಎಲ್ಲವನ್ನೂ ಅರ್ಥಮಾಡಿಕೊಳ್ಳುತ್ತಾರೆ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಣ್ಣ ಸಾಮಾನುಗಳಲ್ಲಿ ಒಬ್ಬ ಹೆಣ್ಣಿನ ಇಡೀ ಬದುಕು ಬಿಚ್ಚಿಕೊಳ್ಳುವುದನ್ನು ಕಂಡ ಮೇಲೆ, ಉಳಿದ ನಾಟಕಗಳನ್ನೂ ಹೀಗೆಯೇ ಓದಬೇಕೆನಿಸಿತು.

ಟೆನ್ನೆಸಿ ವಿಲಿಯಮ್ಸ್‌ನ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ನಾಟಕಕ್ಕೆ ನಾನು ಹೆಚ್ಚು ಸಮಯ ಕೊಡುತ್ತೇನೆ. 1947ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಎಲಿಯಾ ಕಜಾನ್ ನಿರ್ದೇಶನದಲ್ಲಿ ರಂಗಕ್ಕೆ ಬಂದ ಈ ನಾಟಕವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ, ತವರಿನ ತೋಟ ಕಳೆದುಕೊಂಡು ತಂಗಿ ಸ್ಟೆಲ್ಲಾಳ ಮನೆಗೆ ಬಂದು ಸೇರುವ ಬ್ಲಾಂಚ್‌ಳ ಸುಳ್ಳುಗಳ ಕಥೆಯೆಂದು ಓದಿಕೊಂಡು ಬರುತ್ತಾರೆ. ಹಾಳೆ ತೆಗೆದು ಬರೆಯತೊಡಗಿದಾಗ ಬೇರೆಯೇ ಚಿತ್ರ ಮೂಡುತ್ತದೆ. ಆ ತೋಟದ ಒಡೆತನವನ್ನು ತಲೆಮಾರುಗಳಿಂದ ಕರಗಿಸುತ್ತಾ ಬಂದವರು ಆ ಮನೆತನದ ಗಂಡಸರು: ಅಜ್ಜಂದಿರು, ತಂದೆ, ಚಿಕ್ಕಪ್ಪಂದಿರು, ಸಹೋದರರು ತಮ್ಮ ಲೋಲುಪತೆಗಾಗಿ ಜಮೀನನ್ನು ತುಂಡುತುಂಡಾಗಿ ಕಳೆದರು. ಕೊನೆಗೆ ಉಳಿದದ್ದು ಮನೆ ಮತ್ತು ಸ್ಮಶಾನವೂ ಸೇರಿದ ಸುಮಾರು 20 ಎಕರೆ. ಒಬ್ಬರಾದ ಮೇಲೊಬ್ಬರ ಕಾಯಿಲೆ, ಸಾವು, ಶವಸಂಸ್ಕಾರಗಳ ವೆಚ್ಚವನ್ನು ಶಾಲಾ ಶಿಕ್ಷಕಿಯ ಅಲ್ಪ ಸಂಬಳದಲ್ಲಿ ನಿಭಾಯಿಸಲು ಹೆಣಗಿದವಳು ಬ್ಲಾಂಚ್. ಹಾಗಿದ್ದರೂ ಆಸ್ತಿ ಏನಾಯಿತೆಂದು ಜವಾಬು ಕೊಡಬೇಕಾದವಳೂ ಅವಳೇ. ತಂಗಿಯ ಗಂಡ ಸ್ಟ್ಯಾನ್ಲಿ, ಲೂಸಿಯಾನಾದಲ್ಲಿ ನೆಪೋಲಿಯನ್ ಸಂಹಿತೆ ಇದೆ, ಹೆಂಡತಿಯ ಸ್ವತ್ತೆಲ್ಲ ಗಂಡನದೂ ಹೌದು ಎಂದು ಹೇಳಿ ಅವಳ ಪೆಟ್ಟಿಗೆಯನ್ನು ಜಾಲಾಡುತ್ತಾನೆ. ಅಲ್ಲಿ ಅವನಿಗೆ ಸಿಗುವುದು ಹಳೆಯ ತುಪ್ಪಳದ ಉಡುಪು, ಹುಸಿ ಹರಳಿನ ಕಿರೀಟ.

ನಾಲ್ಕನೆಯ ದೃಶ್ಯವನ್ನು ನಾನು ತರಗತಿಯಲ್ಲಿ ನಿಧಾನವಾಗಿ ಓದಿಸುತ್ತೇನೆ. ಹಿಂದಿನ ರಾತ್ರಿ ಸ್ಟ್ಯಾನ್ಲಿ ಗರ್ಭಿಣಿ ಹೆಂಡತಿಯ ಮೇಲೆ ಕೈಮಾಡಿದ್ದಾನೆ. ಬೆಳಿಗ್ಗೆ ಅಕ್ಕತಂಗಿಯರು ಮಾತನಾಡುವಾಗ ಬ್ಲಾಂಚ್‌ಳ ಕೈಚೀಲದಲ್ಲಿರುವುದು 65 ಸೆಂಟ್ ಎಂಬುದು ತಿಳಿಯುತ್ತದೆ. ಸ್ಟೆಲ್ಲಾಳಿಗೆ ಗಂಡ ತಿಂಗಳ ಖರ್ಚಿಗೆಂದು ಏನೂ ಕೊಡುವುದಿಲ್ಲ, ಬಿಲ್ಲುಗಳನ್ನು ತಾನೇ ಕಟ್ಟುತ್ತಾನೆ. ಆದರೆ ಹೊಡೆತವನ್ನು ಮರೆಸಲು ಆ ದಿನ 10 ಡಾಲರ್ ಕೊಟ್ಟಿದ್ದಾನೆ. ಅದರಲ್ಲಿ ಐದನ್ನು ಸ್ಟೆಲ್ಲಾ ಅಕ್ಕನಿಗೆ ಕೊಡಲು ಮುಂದಾಗುತ್ತಾಳೆ. ಇಬ್ಬರು ವಿದ್ಯಾವಂತ ಹೆಂಗಸರ ಕೈಯಲ್ಲಿರುವ ಒಟ್ಟು ಹಣ ಇಷ್ಟೇ ಎಂಬುದನ್ನು ಬರೆದುಕೊಂಡ ಮೇಲೆ, ಬಲ್ಬಿಗೆ ಹಾಕಿದ ಕಾಗದದ ಲಾಟೀನು, ಮುಚ್ಚಿಟ್ಟ ವಯಸ್ಸು, ತನ್ನನ್ನು ಮದುವೆಯಾಗಬಹುದಾದ ಸ್ಟ್ಯಾನ್ಲಿಯ ಗೆಳೆಯ, ಹಗಲಿನಲ್ಲಿ ಮಿಚ್‌ನನ್ನು ಭೇಟಿಯಾಗದಿರುವ ಎಚ್ಚರ ಎಲ್ಲವೂ ಮನೋರೋಗದ ಲಕ್ಷಣಗಳಾಗಿ ಮಾತ್ರ ಉಳಿಯುವುದಿಲ್ಲ. ಹೆಣ್ಣಿಗೆ ಮದುವೆಯ ಹೊರತು ಬೇರೆ ಆಸರೆಯಿಲ್ಲದ, ಮದುವೆಗೆ ಯೌವನ ಮತ್ತು ಶೀಲವೇ ಬೆಲೆಯಾದ ವ್ಯವಸ್ಥೆಯಲ್ಲಿ ಅವು ಬದುಕುಳಿಯುವ ಉಪಾಯಗಳು. ಮಿಚ್ ಆ ಲಾಟೀನನ್ನು ಕಿತ್ತೆಸೆದು, ಅವಳನ್ನು ಬಲವಂತವಾಗಿ ತಬ್ಬಿಕೊಳ್ಳಲು ಹೋಗಿ, ಕೊನೆಗೆ ತನ್ನ ತಾಯಿ ಇರುವ ಮನೆಗೆ ಬರುವಷ್ಟು ನೀನು ಶುದ್ಧಳಲ್ಲ ಎನ್ನುವಾಗ ಆ ಬೆಲೆ ಯಾವುದೆಂಬುದು ಬಾಯಿಬಿಟ್ಟು ಹೇಳಿದಂತಾಗುತ್ತದೆ.

ಇದರಿಂದ ಬ್ಲಾಂಚ್‌ಳನ್ನು ನಿರ್ದೋಷಿಯೆಂದು ಸಾರುವುದು ನನ್ನ ಉದ್ದೇಶವಲ್ಲ. ಹದಿನೇಳು ವರ್ಷದ ವಿದ್ಯಾರ್ಥಿಯೊಡನೆ ಸಂಬಂಧ ಬೆಳೆಸಿದ್ದಕ್ಕಾಗಿ ಅವಳು ಕೆಲಸ ಕಳೆದುಕೊಂಡದ್ದನ್ನು ಮರೆಮಾಚಿ ಪಾಠ ಮಾಡಬಾರದು. ನಾಳೆ ಸ್ವತಃ ಅಧ್ಯಾಪಕರಾಗುವವರು ಅದನ್ನು ಚರ್ಚಿಸಲೇಬೇಕು. ಆದರೆ ನಾಟಕದ ಅತಿದೊಡ್ಡ ಭ್ರಮೆ ಬ್ಲಾಂಚ್‌ಳದಲ್ಲ, ಸ್ಟೆಲ್ಲಾಳದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಕ್ಕನ ಮೇಲೆ ತನ್ನ ಗಂಡನೇ ಅತ್ಯಾಚಾರ ಮಾಡಿದ ಎಂಬ ಮಾತನ್ನು ನಂಬಿದರೆ ಅವನೊಡನೆ ಬಾಳಲಾಗದು ಎಂದು ಅವಳು ಹೇಳುತ್ತಾಳೆ. ನಂಬಬೇಡ, ಬದುಕು ಸಾಗಲೇಬೇಕು ಎಂದು ಮಹಡಿಯ ಮೇಲಿನ ಮನೆಯ ಯೂನಿಸ್ ಬುದ್ಧಿ ಹೇಳುತ್ತಾಳೆ. ಕೈಯಲ್ಲಿ ಹಸುಗೂಸು, ಗಂಡನ ಸಂಪಾದನೆಯ ಹೊರತು ಬೇರೆ ಗತಿಯಿಲ್ಲ. ಒಬ್ಬಳ ಭ್ರಮೆಗೆ ಹುಚ್ಚಾಸ್ಪತ್ರೆ, ಇನ್ನೊಬ್ಬಳ ಭ್ರಮೆಗೆ ಸಂಸಾರ. ಈ ಹಂತದಲ್ಲಿ 1951ರ ಚಲನಚಿತ್ರದ ಕೊನೆಯನ್ನು ತೋರಿಸುವುದು ಉಪಯುಕ್ತ. ತಪ್ಪಿತಸ್ಥನಿಗೆ ಶಿಕ್ಷೆಯಾಗಲೇಬೇಕೆಂಬ ಹಾಲಿವುಡ್‌ನ ಅಂದಿನ ನೀತಿಸಂಹಿತೆಗೆ ಮಣಿದು ಅಲ್ಲಿ ಸ್ಟೆಲ್ಲಾ ಗಂಡನ ಬಳಿ ಮರಳುವುದಿಲ್ಲವೆನ್ನುತ್ತಾಳೆ. ವಿದ್ಯಾರ್ಥಿಗಳು ಮೊದಲು ಚಿತ್ರದ ಮುಕ್ತಾಯವನ್ನೇ ಮೆಚ್ಚುತ್ತಾರೆ. ಅವಳು ಎಲ್ಲಿಗೆ ಹೋಗುತ್ತಾಳೆ, ಮಗುವನ್ನು ಹೇಗೆ ಸಾಕುತ್ತಾಳೆ ಎಂದು ಕೇಳಿದಾಗ ನಾಟಕದ ಕಟುವಾದ ಮುಕ್ತಾಯದಲ್ಲಿ ಹೆಚ್ಚಿನ ವಿಮರ್ಶೆಯಿದೆ ಎಂಬುದು ಅವರಿಗೇ ಕಾಣುತ್ತದೆ.

ಆರ್ಥರ್ ಮಿಲ್ಲರ್‌ನ ‘ಡೆತ್ ಆಫ್ ಎ ಸೇಲ್ಸ್‌ಮನ್’ (1949) ನಾಟಕದಲ್ಲಿ ಲೆಕ್ಕ ಬರೆಯುವ ಕೆಲಸವನ್ನು ಲಿಂಡಾ ಲೋಮನ್ ತಾನೇ ಮಾಡಿಟ್ಟಿದ್ದಾಳೆ. ಊರೂರು ಸುತ್ತಿ ಮಾಲು ಮಾರುವ ಗಂಡ ವಿಲ್ಲಿ ತಾನು 1,200 ಡಾಲರ್ ಮಾಲು ಮಾರಿದೆನೆಂದು ಕೊಚ್ಚಿಕೊಂಡಾಗ ಅವಳು ಏಪ್ರನ್ನಿನ ಜೇಬಿನಿಂದ ಕಾಗದ, ಪೆನ್ಸಿಲ್ ತೆಗೆದು ಕಮಿಷನ್ ಎಣಿಸುತ್ತಾಳೆ; ಆಗ ಅವನ ಅಂಕಿ ಇಳಿಯುತ್ತಾ ಇಳಿಯುತ್ತಾ ಇನ್ನೂರಕ್ಕೆ ಬಂದು ನಿಲ್ಲುತ್ತದೆ, ಕಮಿಷನ್ 70 ಡಾಲರ್ ಚಿಲ್ಲರೆ ಆಗುತ್ತದೆ. ಫ್ರಿಜ್, ವಾಷಿಂಗ್ ಮೆಷಿನ್, ವ್ಯಾಕ್ಯೂಮ್ ಕ್ಲೀನರ್‌ಗಳ ಕಂತು, ಸೂರಿನ ರಿಪೇರಿ ಎಲ್ಲ ಸೇರಿ 15ನೇ ತಾರೀಖಿನೊಳಗೆ ಸುಮಾರು 120 ಡಾಲರ್ ಬೇಕು. ಅದನ್ನು ಹೇಳಿಯೂ ಅವಳು ಗಂಡನನ್ನು ಸಮಾಧಾನಪಡಿಸುತ್ತಾಳೆ. ತಾಳ್ಮೆಯ ಹೆಂಡತಿ ಎಂದು ಅವಳನ್ನು ಒಂದೇ ವಾಕ್ಯದಲ್ಲಿ ಮುಗಿಸುವ ಉತ್ತರಗಳನ್ನು ನಾನು ಒಪ್ಪುವುದಿಲ್ಲ. ವಿಲ್ಲಿಯ ಭ್ರಮೆಯ ನಿಜವಾದ ಖರ್ಚು ಗೊತ್ತಿರುವವಳು ಅವಳೊಬ್ಬಳೇ. ಅದನ್ನು ಹೊತ್ತು ನಡೆಸುವುದು ಸಂಬಳವಿಲ್ಲದ ದುಡಿಮೆ. ತನ್ನ ಹರಿದ ಕಾಲುಚೀಲಕ್ಕೆ ಅವಳು ಹೊಲಿಗೆ ಹಾಕುತ್ತಿದ್ದರೆ ಹೊಸ ಕಾಲುಚೀಲ ಬಾಸ್ಟನ್‌ನ ವಿಲ್ಲಿಯ ಪ್ರೇಯಸಿಗೆ ಹೋಗುತ್ತದೆ.

ಎಲ್ಲ ನಾಟಕಗಳೂ ಈ ಕ್ರಮಕ್ಕೆ ಒಗ್ಗುವುದಿಲ್ಲ. ಎಡ್ವರ್ಡ್ ಆಲ್ಬಿಯ ‘ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?’ (1962) ನಾಟಕದಲ್ಲಿ ಇಲ್ಲದ ಮಗನನ್ನು ಕಲ್ಪಿಸಿಕೊಂಡ ದಂಪತಿಯ ನೋವಿಗೆ ಹಣದ ಲೆಕ್ಕ ಹೆಚ್ಚು ಬೆಳಕು ಚೆಲ್ಲದು. ಮಾರ್ಥಾಳ ಮಹತ್ವಾಕಾಂಕ್ಷೆಗೆ ಕಾಲೇಜಿನ ಅಧ್ಯಕ್ಷನಾದ ತಂದೆ ಮತ್ತು ಅಧ್ಯಾಪಕ ಗಂಡನ ಮೂಲಕವಲ್ಲದೆ ಬೇರೆ ದಾರಿಯಿರಲಿಲ್ಲ ಎಂಬಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ.

ಮುಂದೆ ಹೋಗುವುದು ಲೊರೇನ್ ಹ್ಯಾನ್ಸ್‌ಬೆರಿಯ ‘ಎ ರೈಸಿನ್ ಇನ್ ದ ಸನ್’ (1959) ನಾಟಕಕ್ಕೆ. ಷಿಕಾಗೋದ ಕಪ್ಪು ಕುಟುಂಬಕ್ಕೆ ಬರುವ ವಿಮೆಯ 10,000 ಡಾಲರ್, ಬಿಳಿಯರ ಬಡಾವಣೆಯ ಮನೆಗೆ ತಾಯಿ ಲೀನಾ ಮುಂಗಡ ಕಟ್ಟಿದ 3,500, ಮಗ ವಾಲ್ಟರ್ ಕಳೆದುಕೊಂಡ ಉಳಿದ ಹಣ, ಅದರಲ್ಲಿ ಮಗಳು ಬೆನೀಥಾಳ ವೈದ್ಯಕೀಯ ಓದಿಗೆಂದು ತೆಗೆದಿಡಬೇಕಾಗಿದ್ದ 3,000, ಇವನ್ನು ಎಲ್ಲರೂ ತಪ್ಪದೆ ಬರೆಯುತ್ತಾರೆ. ಹ್ಯಾನ್ಸ್‌ಬೆರಿಯ ತಂದೆ ಇಂಥದೇ ಮನೆಗಾಗಿ ಹೋರಾಡಿ 1940ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದನ್ನು ನಾನು ಹೇಳುತ್ತೇನೆ. ಆದರೆ ಹೆಚ್ಚಿನ ಹಾಳೆಗಳಲ್ಲಿ ಒಂದು ಮೊತ್ತ ಬಿಟ್ಟುಹೋಗಿರುತ್ತದೆ: ಇನ್ನೊಂದು ಮಗುವಿಗೆ ಮನೆಯಲ್ಲಿ ಜಾಗವಿಲ್ಲವೆಂದು ಗರ್ಭಪಾತಕ್ಕಾಗಿ ವಾಲ್ಟರ್‌ನ ಹೆಂಡತಿ ರೂತ್ ಗುಟ್ಟಾಗಿ ಕೊಟ್ಟು ಬಂದ 5 ಡಾಲರ್ ಮುಂಗಡ. ಲೀನಾ ಅವಸರದಲ್ಲಿ ಮನೆ ಕೊಳ್ಳಲು ಕಾರಣ ಅದೇ. ಗರ್ಭಪಾತದ ವಿಷಯ ತಿಳಿದಾಗಲೂ ಮಗ ಬಾಯಿಬಿಡದೆ ಎದ್ದು ಹೋದದ್ದನ್ನು ಕಂಡ ಅವಳು, ಸಂಸಾರ ಕಣ್ಣೆದುರೇ ಒಡೆಯುತ್ತಿದೆಯೆಂದು ತಿಳಿದು ಮುಂಗಡ ಕಟ್ಟಿ ಬರುತ್ತಾಳೆ. ಆದ್ದರಿಂದ ವಾಲ್ಟರ್‌ನ ಕನಸಿನ ಬಗ್ಗೆ ಪ್ರಬಂಧ ಬರೆಯುವವರಿಗೆ, ರೂತ್ ಕೊಟ್ಟ ಆ ಮುಂಗಡದಿಂದಲೇ ಬರವಣಿಗೆ ಆರಂಭಿಸಲು ಹೇಳುತ್ತೇನೆ.