ಹೆಸರು ಒಂದು, ಜನ ಬೇರೆ: ರಸಪ್ರಶ್ನೆಗೆ ನಾನು ಪ್ರಶ್ನೆ ಕಟ್ಟುವ ಬಗೆ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಹೈಸ್ಕೂಲು ಮಕ್ಕಳಿಗೆ ರಸಪ್ರಶ್ನೆ ನಡೆಸುತ್ತೇನೆ. ಅದರಲ್ಲಿ ನನಗೆ ಅತ್ಯಂತ ಪ್ರೀತಿಯ ಸುತ್ತು ‘ಹೆಸರು ಒಂದು, ಜನ ಬೇರೆ’. ಟಿವಿಯಿಂದ ಮನೆಮಾತಾದವರು ಒಬ್ಬರು, ಆಟದಿಂದ ಹೆಸರು ಮಾಡಿದವರು ಇನ್ನೊಬ್ಬರು. ಇಬ್ಬರಿಗೂ ಒಂದೊಂದು ಸುಳಿವು ಕೊಡುತ್ತೇನೆ. ಎರಡಕ್ಕೂ ಹೊಂದುವ ಹೆಸರನ್ನು ಮಕ್ಕಳು ಹೇಳಬೇಕು.

ಕೇಳೋದಕ್ಕೆ ಸುಲಭ, ಕಟ್ಟೋದು ಕಷ್ಟ. ಸುಳಿವು ಒಬ್ಬರಿಗೆ ಮಾತ್ರ ಹೊಂದಬೇಕು, ಪಕ್ಕದವರಿಗೆ ಅಂಟಬಾರದು. ಅದಕ್ಕಾಗಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹೆಸರಿಗೆ ಒಂದು ಹಾಳೆ, ಅದರಲ್ಲಿ ಪ್ರತಿಯೊಬ್ಬರ ಊರು, ಇನಿಷಿಯಲ್, ಕೆಲಸ, ಕೊನೆಗೆ ಆ ಹೆಸರಿನ ಬೇರೆ ಯಾರೂ ಮಾಡದ ಒಂದು ಸಂಗತಿ. ಆ ಕೊನೆಯ ಸಾಲು ತುಂಬುವವರೆಗೆ ಪ್ರಶ್ನೆ ಬರೆಯುವುದಿಲ್ಲ.

ಶ್ರೀನಾಥ್ ಹೆಸರಿನ ಹಾಳೆ ಬೇಗ ತುಂಬಿತು. ಉದಯ ಟಿವಿಯ ‘ಆದರ್ಶ ದಂಪತಿಗಳು’ ನಡೆಸಿಕೊಟ್ಟ ಪ್ರಣಯರಾಜ ಶ್ರೀನಾಥ್ ಒಂದು ಕಡೆ. ಇನ್ನೊಂದು ಕಡೆ 67 ಟೆಸ್ಟ್‌ಗಳಲ್ಲಿ 236 ವಿಕೆಟ್, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದ ಜಾವಗಲ್ ಶ್ರೀನಾಥ್. ಜಾವಗಲ್ ಹಾಸನ ಜಿಲ್ಲೆಯ ಊರು, ಆದರೆ ಅವರು ಹುಟ್ಟಿದ್ದು ಮೈಸೂರಿನಲ್ಲಿ. ಹಾಗಾಗಿ ‘ಇವರು ಹುಟ್ಟಿದ ಊರು ಹೆಸರಿನಲ್ಲೇ ಇದೆ’ ಎಂಬ ಸುಳಿವು ಕೊಡಲು ಬರುವುದಿಲ್ಲ. ನಿವೃತ್ತಿಯ ನಂತರ ಮ್ಯಾಚ್ ರೆಫರಿ ಆದರು ಎಂಬುದೇ ಒಳ್ಳೆಯ ಸುಳಿವು. ಈಗಿನ ಮಕ್ಕಳು ಅವರ ಬೌಲಿಂಗ್ ನೋಡಿಲ್ಲ, ಟಾಸ್ ಹೊತ್ತಿಗೆ ನಾಯಕರ ಪಕ್ಕ ನಿಂತಿದ್ದನ್ನು ನೋಡಿರುತ್ತಾರೆ. ಟಿವಿ ಕಡೆಯ ಶ್ರೀನಾಥ್ ಮಾತ್ರ ಹಿಂದೆ ಕೂತ ಅಜ್ಜಿಯರಿಗೇ ಮೊದಲು ಹೊಳೆಯುತ್ತಾರೆ. ಮೊಮ್ಮಕ್ಕಳಿಗೆ ಹೇಳಿಕೊಡಬಾರದು ಎಂದು ಅವರನ್ನು ತಡೆದು ಕೂರಿಸುವುದೂ ನನ್ನದೇ ಕೆಲಸ, ಆದರೆ ಆ ಸಡಗರ ನನಗಿಷ್ಟ.

ಅರವಿಂದ್ ಹೆಸರು ಬಹಳ ಹೊತ್ತು ಹಿಡಿಯಿತು. ಸಾಧಕರನ್ನು ಕುರ್ಚಿಯಲ್ಲಿ ಕೂರಿಸಿ ಅವರ ಬದುಕಿನ ಕಥೆ ಹೇಳಿಸುವ ‘ವೀಕೆಂಡ್ ವಿತ್ ರಮೇಶ್’ ಅನ್ನು ಜೀ ಕನ್ನಡದಲ್ಲಿ 2014ರಿಂದ ನಡೆಸಿದ ರಮೇಶ್ ಅರವಿಂದ್ ಇದ್ದಾರೆ. ಕರ್ನಾಟಕದ ಎಡಗೈ ವೇಗಿ ಎಸ್. ಅರವಿಂದ್ ಇದ್ದಾರೆ. 2015ರಲ್ಲಿ ಧರ್ಮಶಾಲಾದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಆಡಿದ್ದೇ ಭಾರತಕ್ಕಾಗಿ ಅವರ ಏಕೈಕ ಟಿ20. ಇಷ್ಟೇ ಆಗಿದ್ದರೆ ಜೋಡಿ ಸಿದ್ಧವಾಗುತ್ತಿತ್ತು. ನಡುವೆ ಉಡುಪಿಯ ಬೈಕ್ ರೇಸರ್ ಕೆ.ಪಿ. ಅರವಿಂದ್ ಬರುತ್ತಾರೆ. ಡಕಾರ್ ರ್‍ಯಾಲಿಯ ಮರಳಿನಲ್ಲಿ ಬೈಕ್ ಓಡಿಸಿದ ಅವರೇ 2021ರಲ್ಲಿ ಬಿಗ್ ಬಾಸ್ ಎಂಟನೇ ಸೀಸನ್ನಿನ ರನ್ನರ್ ಅಪ್. ಅಂದರೆ ಅವರು ಟಿವಿಗೂ ಸೇರುತ್ತಾರೆ, ಕ್ರೀಡೆಗೂ ಸೇರುತ್ತಾರೆ! ‘ಟಿವಿಯಲ್ಲಿ ಕಂಡ ಅರವಿಂದ್’ ಅಂದರೆ ಇಬ್ಬರು, ‘ಆಟಗಾರ ಅರವಿಂದ್’ ಅಂದರೂ ಇಬ್ಬರು. ಕೊನೆಗೆ ಮೂರು ಸುಳಿವಿನ ಪ್ರಶ್ನೆ ಮಾಡಿದೆ: ಸಾಧಕರ ಕುರ್ಚಿ, ಡಕಾರ್, ಧರ್ಮಶಾಲಾ. ನನ್ನ ಹತ್ತಿರ ಇರುವುದರಲ್ಲಿ ಇದೇ ಅತ್ಯುತ್ತಮ ಪ್ರಶ್ನೆ ಅಂತ ಧೈರ್ಯವಾಗಿ ಹೇಳುತ್ತೇನೆ. ರಮೇಶ್ ಅರವಿಂದ್ ಅವರ ಹೆಸರಿನ ಮೊದಲ ಭಾಗವೂ ಉಪಯೋಗಕ್ಕೆ ಬರುತ್ತದೆ. ಏಕದಿನ ಕ್ರಿಕೆಟ್‌ನಲ್ಲಿ ತಾನು ಎಸೆದ ಮೊದಲ ಚೆಂಡಿಗೇ ವಿಕೆಟ್ ಪಡೆದ ಭಾರತದ ಮೊದಲಿಗ, ತಮಿಳುನಾಡಿನ ಸಡಗೋಪನ್ ರಮೇಶ್ ಅವರನ್ನು ಅಲ್ಲಿಗೆ ಜೋಡಿಸಬಹುದು.

ಸುದೀಪ್ ನಮ್ಮೂರಿನವರೇ ಆದ್ದರಿಂದ ಆ ಹೆಸರನ್ನು ಶಿವಮೊಗ್ಗದಲ್ಲಿ ಕೇಳುವುದಿಲ್ಲ. ‘ಬಿಗ್ ಬಾಸ್’ ಅನ್ನುವಷ್ಟರಲ್ಲಿ ಇಡೀ ಸಭೆ ಕೂಗಿಬಿಡುತ್ತದೆ, ವೇಗದ ಬೌಲರ್ ಸುದೀಪ್ ತ್ಯಾಗಿ ಸುಳಿವಿನ ತನಕ ಯಾರೂ ಬರುವುದಿಲ್ಲ.

ಮಲೆನಾಡಿನ ಮಕ್ಕಳಿಗೆಂದೇ ಕಾದಿಟ್ಟ ಹೆಸರು ಗಿರೀಶ್. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ ದೂರದರ್ಶನದ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಪ್ಪನಾಗಿದ್ದವರು ಗಿರೀಶ್ ಕಾರ್ನಾಡ್. ಅರಸಾಳು ರೈಲು ನಿಲ್ದಾಣದ ಹಳೇ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿರುವುದರಿಂದ ಮಕ್ಕಳಿಗೆ ಧಾರಾವಾಹಿ ಗೊತ್ತಿಲ್ಲದಿದ್ದರೂ ಮಾಲ್ಗುಡಿ ಗೊತ್ತು. ಜೊತೆಗಿಡುವವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ಎಚ್.ಎನ್. ಗಿರೀಶ. ಅವರ ಪೂರ್ಣ ಹೆಸರು ಗಿರೀಶ ಹೊಸನಗರ ನಾಗರಾಜೇಗೌಡ. ಇದನ್ನು ಹೇಳಿದೊಡನೆ “ಸರ್, ನಮ್ಮ ಹೊಸನಗರದವ್ರಾ?” ಎಂದು ಮಕ್ಕಳ ಕಣ್ಣು ಅರಳುತ್ತದೆ. ಅಲ್ಲ, ಅವರು ಹಾಸನ ಜಿಲ್ಲೆಯವರು. ಅರಸಾಳು ಇರುವ ನಮ್ಮ ತಾಲ್ಲೂಕಿಗೂ ಅವರಿಗೂ ಸಂಬಂಧವಿಲ್ಲ. ಮನುಷ್ಯರಂತೆ ಊರುಗಳಿಗೂ ಹೆಸರಿನ ಜೊತೆಗಾರರಿದ್ದಾರೆ ಎಂದು ಅಲ್ಲೇ ವಿವರಿಸುತ್ತೇನೆ. ಉತ್ತರಕ್ಕಿಂತ ಈ ವಿವರಣೆಗೆ ಹೆಚ್ಚು ಸಮಯ ಕೊಡುವುದು ಸರಿ ಅಂತಲೇ ನನ್ನ ನಂಬಿಕೆ.

ಟಿವಿ ಇಲ್ಲದಿದ್ದರೂ ಬಿಡಲಾಗದ ಜೋಡಿ ವಿಶ್ವನಾಥ್. ಭದ್ರಾವತಿಯಲ್ಲಿ ಹುಟ್ಟಿ, 1969ರಲ್ಲಿ ಕಾನ್ಪುರದಲ್ಲಿ ಆಡಿದ ತಮ್ಮ ಮೊದಲ ಟೆಸ್ಟ್‌ನಲ್ಲಿ ಸೊನ್ನೆಯ ಬೆನ್ನಿಗೇ 137 ಹೊಡೆದ ಜಿ.ಆರ್. ವಿಶ್ವನಾಥ್ ಒಬ್ಬರು. 1985ರಲ್ಲಿ ಆಸ್ಟ್ರೇಲಿಯಾದಲ್ಲಿ ಭಾರತ ಗೆದ್ದ ವರ್ಲ್ಡ್ ಚಾಂಪಿಯನ್‌ಶಿಪ್‌ನ ವಿಕೆಟ್ ಕೀಪರ್ ಸದಾನಂದ್ ವಿಶ್ವನಾಥ್ ಇನ್ನೊಬ್ಬರು. ಇಬ್ಬರೂ ಕರ್ನಾಟಕಕ್ಕೆ ಆಡಿದವರು, ಆದ್ದರಿಂದ ರಾಜ್ಯದ ಹೆಸರು ಸುಳಿವಾಗದು.

ಅಂಕ ಕೊಡುವ ಕ್ರಮ ಹೀಗಿದೆ. ಹೆಸರು ಹೇಳಿದರೆ ಅರ್ಧ. ಯಾರ್‍ಯಾರು ಎಂದು ಇನಿಷಿಯಲ್ ಅಥವಾ ಪೂರ್ಣ ಹೆಸರಿನೊಂದಿಗೆ ಬಿಡಿಸಿ ಹೇಳಿದರೆ ಉಳಿದ ಅರ್ಧ. ಯಾವುದಾದರೂ ತಂಡ ನಾನು ನೆನೆಯದ ಬೇರೊಬ್ಬರನ್ನು ಹೆಸರಿಸಿ, ಸುಳಿವು ಅವರಿಗೂ ಹೊಂದಿದರೆ ಪೂರ್ತಿ ಅಂಕ ಕೊಡುತ್ತೇನೆ, ಆ ಹೊಸಬರನ್ನು ಅದೇ ಹಾಳೆಗೆ ಸೇರಿಸಿ, ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ಕಟ್ಟುತ್ತೇನೆ.