ಹಿರಿಯರ ಬಚ್ಚಲು: ಮುರಕಲ್ಲಿನ ಗೋಡೆಯಲ್ಲಿ ಹಿಡಿಕಂಬಿ ನಿಲ್ಲಬೇಕಾದರೆ

ಕಾಸರಗೋಡಿನ ಕಡೆ ವೃದ್ಧಾಶ್ರಮವನ್ನೋ ಆರೈಕೆ ಕೇಂದ್ರವನ್ನೋ ವಿನ್ಯಾಸ ಮಾಡುವವರು ನಕ್ಷೆಯನ್ನು ಬಚ್ಚಲಿನಿಂದ ಶುರುಮಾಡುವುದು ಒಳ್ಳೆಯದು. ಹಿರಿಯರು ಜಾರಿ ಬೀಳುವ ಅಪಾಯ ಹೆಚ್ಚಿರುವುದು ಅಲ್ಲಿ, ಕಟ್ಟಿದ ಮೇಲೆ ತಿದ್ದಲು ಕಷ್ಟವಾಗುವುದೂ ಅಲ್ಲೇ.

ಈ ಕಡೆ ಗೋಡೆಗೆ ಬಳಸುವ ಮುರಕಲ್ಲಿನಲ್ಲಿ (ಲ್ಯಾಟರೈಟ್) ತೂತುಗಳೂ ಮೆದು ಜೇಡಿಯ ಎಳೆಗಳೂ ಇರುತ್ತವೆ. ನೀರು ಕುಡಿದರೆ ಕಲ್ಲು ಇನ್ನೂ ಮೆದು. ಪ್ಲಾಸ್ಟಿಕ್ ಪ್ಲಗ್ ಹೊಡೆದು ಕೂರಿಸಿದ ಹಿಡಿಕಂಬಿ ಮೊದಮೊದಲು ಗಟ್ಟಿಯಾಗಿಯೇ ಇರುತ್ತದೆ. ಯಾರಾದರೂ ಜಾರಿ ಪೂರ್ತಿ ಭಾರ ಹಾಕಿದಾಗ ಕೆಂಪು ಪುಡಿಯ ಸಮೇತ ಕಿತ್ತು ಬರುತ್ತದೆ. ಹಾಗಾಗಿ ಗೋಡೆ ಕಟ್ಟುವಾಗಲೇ ಕಮೋಡಿನ ಪಕ್ಕ, ನೆಲದಿಂದ 60ರಿಂದ 90 ಸೆಂ.ಮೀ. ಎತ್ತರದವರೆಗೆ, ಕಲ್ಲಿನ ಬದಲು ಎಂ20 ದರ್ಜೆಯ ಕಾಂಕ್ರೀಟ್ ಪಟ್ಟಿ ಹಾಕಿಸಿ. ಹಳೆ ಕಟ್ಟಡವಾದರೆ ಗೋಡೆಯ ಆಚೆ ಬದಿಗೆ ಉಕ್ಕಿನ ಪ್ಲೇಟ್ ಇಟ್ಟು, 10 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟ್‌ಗಳನ್ನು ಗೋಡೆಯ ಮೂಲಕ ಹಾಯಿಸಿ ಬಿಗಿಸಿ, ತೂತಿನ ಬಾಯಿಗೆ ಸಿಲಿಕಾನ್ ತುಂಬಿಸಿ. ಕಂಬಿ ಕನಿಷ್ಠ 115 ಕಿಲೋ ತಡೆಯಬೇಕು. ದಪ್ಪ 32ರಿಂದ 40 ಮಿ.ಮೀ., ಗೋಡೆಯಿಂದ 4 ಸೆಂ.ಮೀ. ಅಂತರ, ಎತ್ತರ ಸುಮಾರು 70 ಸೆಂ.ಮೀ.

ಕಮೋಡಿನ ಆಸನ 45ರಿಂದ 48 ಸೆಂ.ಮೀ. ಎತ್ತರವಿರಲಿ, ಅದರ ನಡುಗೆರೆ ಪಕ್ಕದ ಗೋಡೆಯಿಂದ 45 ಸೆಂ.ಮೀ. ದೂರದಲ್ಲಿ. ಪಾರ್ಶ್ವವಾಯು ಆದವರಿಗೆ ಒಂದೇ ಕೈ ಗಟ್ಟಿ. ಅರ್ಧ ಕೋಣೆಗಳಲ್ಲಿ ಕಂಬಿ ಬಲಕ್ಕೆ, ಉಳಿದವುಗಳಲ್ಲಿ ಎಡಕ್ಕೆ ಬರುವಂತೆ ನಕ್ಷೆ ತಿರುಗಿಸಿ.

ಬಚ್ಚಲಿನ ನೀರು ಹೊರಗೆ ಬಾರದಿರಲೆಂದು ಹೊಸ್ತಿಲು ಎತ್ತರಿಸುವುದು ನಮ್ಮಲ್ಲಿ ರೂಢಿ. ಇಲ್ಲಿ ಅದು ಬೇಡವೇ ಬೇಡ. ಬಾಗಿಲಿನುದ್ದಕ್ಕೂ ಜಾಲರಿ ಮುಚ್ಚಿದ ಚರಂಡಿ ಕೊಟ್ಟು, ನೆಲಕ್ಕೆ 1:80 ಇಳಿಜಾರು (80 ಸೆಂ.ಮೀ. ಉದ್ದಕ್ಕೆ 1 ಸೆಂ.ಮೀ. ತಗ್ಗು) ಕೊಟ್ಟರೆ ಸಾಕು. ಇದಕ್ಕೆ ಬಚ್ಚಲಿನ ಸ್ಲ್ಯಾಬ್ ತಗ್ಗಿಸಿ ಹಾಕಬೇಕು. ಟೈಲ್ಸ್ ಹಂತದಲ್ಲಿ ನೆನಪಾದರೆ ಪ್ರಯೋಜನವಿಲ್ಲ. ಬಾಗಿಲು ಹೊರಗೆ ತೆರೆಯಲಿ, ಯಾಕೆಂದರೆ ಒಳಗೆ ಬಿದ್ದವರ ದೇಹವೇ ಒಳತೆರೆಯುವ ಬಾಗಿಲನ್ನು ತಡೆಯುತ್ತದೆ. ಗಾಲಿಕುರ್ಚಿಗೆ 90 ಸೆಂ.ಮೀ. ಖಾಲಿ ಅಗಲ ಬೇಕು. ಮೂರಡಿ ಬಾಗಿಲೆಂದು ಬಡಗಿಗೆ ಹೇಳಿದರೆ ದಾರಂದ (ಬಾಗಿಲ ಚೌಕಟ್ಟು), ಹಲಗೆ ಕಳೆದು 75 ಸೆಂ.ಮೀ. ಉಳಿದರೆ ಹೆಚ್ಚು. ಒಳಗೆ ತಿರುಗಲು 1.5 ಮೀಟರ್ ವೃತ್ತ.

ಬಿಳಿ ಟೈಲ್ಸಿನೆದುರು ಬಿಳಿ ಕಮೋಡು ಮಬ್ಬುಗಣ್ಣಿಗೆ ಕಾಣುವುದಿಲ್ಲ, ಗೋಡೆಗೆ ಬೇರೆ ಬಣ್ಣ ಕೊಡಿ. ನೆಲದಲ್ಲಿ ಮಾತ್ರ ಕಪ್ಪು ಪಟ್ಟಿ ಬೇಡ. ಮರೆವಿನ ಕಾಯಿಲೆಯವರಿಗೆ ಅದು ಗುಂಡಿಯಂತೆ ತೋರಿ ಹೆಜ್ಜೆ ನಿಂತುಬಿಡುತ್ತದೆ. ಬಾಗಿಲಿಗೆ ಕನ್ನಡ, ಮಲಯಾಳದ ಜತೆಗೆ ಚಿತ್ರವೂ ಇರಲಿ.

ಸಿಟೌಟಿನ ರ‍್ಯಾಂಪಿಗೆ 1:12 ಇಳಿಜಾರು. ಒಂದೂವರೆ ಅಡಿ ತಳಪಾಯಕ್ಕೆ ಸುಮಾರು 5.5 ಮೀಟರ್ ಉದ್ದ, ಎರಡೂ ತುದಿಯಲ್ಲಿ 1.5 ಮೀಟರ್ ಸಮತಟ್ಟು. ಮೇಲೆ ಮಾಡು (ಸೂರು) ಇಲ್ಲದಿದ್ದರೆ ಮಳೆಗಾಲದ ಆಟಿ ತಿಂಗಳಿಗೆ ಪಾಚಿ ಕಟ್ಟುವುದು ಖಂಡಿತ.